ಪುಕ್ಕಟೆ ಆಸಿ

1919, ಜೂನ್ 3, ಮಂಗಳವಾರ

ಬಿಯರಿನ ಹೊಸ ಪೀಪಾಯಿ ಬಿಚ್ಚಿದೆ. ಪಬ್ಬಿನ ಕೌಂಟರ್ ಒರೆಸುವಷ್ಟರಲ್ಲಿ ಪ್ಯಾಸ್ಕೋ ಭಾವ ಹಾಜರ್. ಹೊಸ ಪದ ಸಿಕ್ಕಿದೆ ಮಹಾರಾಯನಿಗೆ. "ನಾವು ಆಸಿಗಳು!" ಅಂದರೆ ಆಸ್ಟ್ರೇಲಿಯಾದವರು, ಬಾಯಿ ತುಂಬಾ. ಯುದ್ಧ ಮುಗಿಯುವವರೆಗೂ ವೇದಿಕೆ ಹತ್ತಿ ಊರ ಹುಡುಗರನ್ನು ಸೈನ್ಯಕ್ಕೆ ಅಟ್ಟಿದ. ತಾನು ಮಾತ್ರ ಅಂಗಡಿಯ ಗಲ್ಲಾ ಬಿಟ್ಟು ಅಲ್ಲಾಡಲಿಲ್ಲ. ಬೆನ್ನುನೋವಂತೆ.

ಆ ಪದ ಚಿನ್ನದ ಗಣಿಗಳ ಕಾಲದ್ದಂತೆ. ಇವನ ಅಜ್ಜನೇ ಹುಟ್ಟಿಸಿದ್ದಂತೆ. ಅಜ್ಜ! ಕುಡಿದು ಗುಂಡಿಗೆ ಬಿದ್ದವನು...

ಜೂನ್ 4

ತಮ್ಮ ಕ್ಲಾರಿಯನ್ನು ಕೇಳಿದೆ. ಊರುಗೋಲು ಗೋಡೆಗೊರಗಿಸಿ ಕೂತಿದ್ದ.

"ಫ್ರಾನ್ಸಲ್ಲಿ ಕೇಳಿದ್ದು ಅಕ್ಕ, ಕಂದಕದಲ್ಲಿ. ಆಸ್ಟ್ರೇಲಿಯಾಗೇ ಆಸಿ ಅಂತಿದ್ವಿ. ಊರಿಗೆ ಕಳಿಸೋವಷ್ಟು ದೊಡ್ಡ ಗಾಯಕ್ಕೂ ಆಸಿ. ನನ್ ಕಾಲು ಹೋದಾಗ ಪಕ್ಕದೋನು ಹೊಟ್ಟೆ ಉರ್ಕೊಂಡ — 'ಪುಣ್ಯವಂತ ಕಣೋ, ಆಸಿ ಸಿಕ್ತು!' ಹಾಗೇ ನಮಗೂ ಅದೇ ಹೆಸರು ಅಂಟ್ಕೊಳ್ತು."

ಆ ಪಕ್ಕದವನು ಜೀವಂತ ಊರಿಗೆ ಬಂದನೇ ಎಂದು ಕೇಳಲಿಲ್ಲ. ಅಳು ಬಂತು.

ಜೂನ್ 12

ಭಾವ ತನ್ನ ಅಂಗಡಿಯಲ್ಲಿ ಕ್ಲಾರಿಗೆ ಗುಮಾಸ್ತೆ ಕೆಲಸ ಕೊಡುತ್ತಾನಂತೆ. ಷರತ್ತು — ಯುದ್ಧದಿಂದ ಮರಳಿದ ಹುಡುಗರಿಗೆ ಶನಿವಾರ ಇಟ್ಟಿರುವ ಸ್ವಾಗತ ಸಭೆಯಲ್ಲಿ ಅಜ್ಜನ ಕಥೆಗೆ ಇವನು ಹೌದು ಎನ್ನಬೇಕು. ಭಾವನಿಗೆ ಕೌನ್ಸಿಲ್ ಚುನಾವಣೆ ಇದೆ. ಒಂಟಿ ಕಾಲಿನವನಿಗೆ ಬೇರೆ ಯಾರೂ ಕೆಲಸ ಕೊಟ್ಟಿಲ್ಲ. ಕ್ಲಾರಿ ಒಪ್ಪಿದ. ಥೂ.

ಜೂನ್ 14, ಶನಿವಾರ

ಸಭೆಗೆ ಮೊದಲು ಎಲ್ಲರೂ ನನ್ನ ಪಬ್ಬಿನಲ್ಲಿ. ಸರದಿಯಂತೆ ಒಬ್ಬೊಬ್ಬ ಹುಡುಗನೂ ಎಲ್ಲರಿಗೂ ಒಂದು ಸುತ್ತು ಬಿಯರ್ ಕೊಡಿಸಿದ. ಭಾವ ಎಲ್ಲರದ್ದೂ ಕುಡಿದ. ತನ್ನ ಸರದಿ ಬಂತು — ಗಡಿಯಾರ ನೋಡಿದ.

"ಅಯ್ಯೋ, ಆರಾಗ್ತಾ ಬಂತು! ಆರಕ್ಕೆ ಪಬ್ಬು ಮುಚ್ಚಬೇಕು, ಕಾನೂನು ಕಣ್ರಪ್ಪ. ಬಾಗಿಲು ಹಾಕಮ್ಮ ನೆಲ್."

ಸುತ್ತು ತಪ್ಪಿಸುವವನು ಹೆಣದ ಜೇಬಿಗೂ ಕೈ ಹಾಕುತ್ತಾನೆ.

ಕ್ಲಾರಿ ಖಾಲಿ ಗ್ಲಾಸನ್ನು ಕೌಂಟರ್ ಮೇಲೆ ಬೋರಲು ಹಾಕಿದ. ಎಲ್ಲರೂ ಹಿಂದೆ ಸರಿದರು. ಪಬ್ಬಿನಲ್ಲಿ ಹಾಗೆ ಬೋರಲು ಹಾಕಿದರೆ — ಯಾರು ಬರುತ್ತೀರೋ ಬನ್ನಿ, ಕೆಡವುತ್ತೇನೆ ಎಂದು. ಒಂಟಿ ಕಾಲಿನವನು!

"ಕ್ಲಾರಿ, ಕೆಲಸ ಬೇಕೋ ಬೇಡ್ವೋ?"

"ಹೊರಗೆ ಬರ್ತೀರೋ ಭಾವ, ಸುತ್ತು ಕೊಡಿಸ್ತೀರೋ? ಆಸಿ ಅಂತೀರಲ್ಲ!"

ಭಾವ ಟೋಪಿ ಎತ್ತಿಕೊಂಡು ಹೊರಟ. ಕೆಲಸವೂ ಅವನ ಹಿಂದೆಯೇ ಹೋಯಿತು. ಹಾಳಾಗಿ ಹೋಗಲಿ.

ಜೂನ್ 15

ನಿನ್ನೆ ಒಬ್ಬ ಹುಡುಗನೂ ಸಭೆಗೆ ಹೋಗಲಿಲ್ಲವಂತೆ. ಭಾವ ಖಾಲಿ ಬೆಂಚುಗಳಿಗೆ ಅಜ್ಜನ ಕಥೆ ಹೇಳಿದನಂತೆ. ಈಗ ಹಿತ್ತಿಲ ಬಾಗಿಲು ತಟ್ಟುತ್ತಿದ್ದಾನೆ. "ಕ್ಲಾರಿ, ತಮ್ಮಾ..." ದನಿ ಬೆಣ್ಣೆ. ಹುಡುಗರ ವೋಟು ಬೇಕಲ್ಲ.

"ಸುತ್ತು ಕೊಡಿಸೋಕೆ ಬಂದಿದಾರಾ ಕೇಳಕ್ಕ," ಅಂದ ಕ್ಲಾರಿ. ನಗುತ್ತಿದ್ದಾನೆ. ಫ್ರಾನ್ಸಿನಿಂದ ಬಂದ ಮೇಲೆ ಇದೇ ಮೊದಲು — ಹೊಟ್ಟೆ ಹಿಡಿದುಕೊಂಡು, ಊರುಗೋಲು ಜಾರಿ ಬಿದ್ದರೂ ನಿಲ್ಲಿಸದೆ, ನನಗೂ ನಗು ತಡೆಯಲಾ—