ನಾಯಿ ನಮ್ಮದೆಂದು ಬರೆದುಕೊಟ್ಟವರಿಗೆ

ಜೋಗೇಶ್ವರಿ ಪೂರ್ವ
೯ ಮಾರ್ಚ್ ೨೦೨೫, ಭಾನುವಾರ

ಅಣವೀರಪ್ಪ ಅವರಿಗೆ ಮಹಾದೇವಿ ಬರೆಯುವುದು.

ಹೆಸರು ಹಿಡಿದು ಕರೆದಿದ್ದೇನೆ. ಮದುವೆಯಾದಾಗಿನಿಂದ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ, 'ನಮ್ಮ ಮನಿಯವರು' ಅಂದುಕೊಂಡೇ ದಿನ ಕಳೆದೆ. ಈಗ ಪೊಲೀಸ್ ಚೌಕಿಯಲ್ಲಿ ಹೇಳಿಸಿದರು, ವಕೀಲರ ಮುಂದೆ ಹೇಳಿಸಿದರು, ಕೋರ್ಟಿನ ಗುಮಾಸ್ತ 'ಜೋರಾಗಿ ಹೇಳಿ' ಎಂದು ಮತ್ತೊಮ್ಮೆ ಹೇಳಿಸಿದ. ನಾಲಿಗೆಗೆ ರೂಢಿಯಾಗಿದೆ. ನಿಮ್ಮ ಕಿವಿಗೂ ರೂಢಿ ಮಾಡಿಕೊಳ್ಳಿ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದಿಲ್ಲ. ಬಲಗೈ ಹೆಬ್ಬೆರಳು ಬಗ್ಗುವುದಿಲ್ಲ. ಪೆನ್ನನ್ನು ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿ ಹೋದರೆ ಹೊಂದಿಸಿಕೊಂಡು ಓದಿ. ಫೋನಿನಲ್ಲಿ ಮಾತಾಡಿದರೆ ನೀವು ಸ್ಪೀಕರ್ ಹಾಕಿ ರಮಾನಾಥ ಸೇಠರಿಗೆ ಕೇಳಿಸುತ್ತೀರಿ ಎನ್ನುವುದು ನನಗೆ ತಿಳಿದಿದೆ. ಈ ಕಾಗದವನ್ನೂ ಬೇಕಾದರೆ ತೋರಿಸಿ. ಅವರಿಗೂ ಕನ್ನಡ ಬರುತ್ತದೆ. ಅವರು ಉಡುಪಿ ಕಡೆಯವರು, ನಾವು ಕಲಬುರಗಿ ಕಡೆಯವರು, ಆದರೂ 'ನಮ್ಮ ಭಾಷೆಯವರು' ಅಂತಲೇ ಅಲ್ಲವೇ ಬಾಂದ್ರಾದ ಆ ಬಿಲ್ಡಿಂಗಿನಲ್ಲಿ ನಿಮ್ಮನ್ನು ಗೇಟಿಗೂ ನನ್ನನ್ನು ತಮ್ಮ ಅಡುಗೆಮನೆಗೂ ಸೇರಿಸಿದ್ದು.

ವಿಷಯಕ್ಕೆ ಬರುತ್ತೇನೆ. ನಾಯಿ ಕಚ್ಚಿದ್ದಕ್ಕೆ ಪರಿಹಾರ ಕೊಡಿ ಎಂದು ನಾನು ಕೇಸು ಹಾಕಿ ಸೇಠರಿಗೆ ಕಳಿಸಿದ ನೋಟಿಸಿಗೆ ಅವರ ವಕೀಲರಿಂದ ಉತ್ತರ ಬಂದಿದೆ. ನನ್ನ ವಕೀಲೆ ನೇತ್ರಾ ಅದನ್ನು ಇಂಗ್ಲಿಷಿನಿಂದ ಬಿಡಿಸಿ ಬಿಡಿಸಿ ಹೇಳಿದಳು. ಸೇಠರು ಪ್ರಾಣಿದಯೆ ಉಳ್ಳವರಂತೆ, ಎಲ್ಲ ಜೀವಿಗಳಿಗೂ ಒಂದು ತುತ್ತು ಕೊಡುವವರಂತೆ. ಆದರೆ ಲಿಯೋ ಎಂಬ ನಾಯಿ ಅವರದ್ದಲ್ಲವಂತೆ. ಅದು ವಾಚ್‌ಮನ್ ಅಣವೀರಪ್ಪನದು, ಅವನ ಹೆಂಡತಿ ದಿನಾಲೂ ಅದಕ್ಕೆ ಅನ್ನ ಹಾಕಿ ಸಾಕಿದ್ದಾಳೆ. ಗಂಡಹೆಂಡಿರ ನಾಯಿ ಹೆಂಡತಿಯನ್ನು ಕಚ್ಚಿದರೆ ನಮ್ಮ ಕಕ್ಷಿದಾರರಿಗೆ ಏನು ಸಂಬಂಧ ಎಂದು ಕೇಳಿದ್ದಾರೆ. ಅದರ ಬೆನ್ನಿಗೆ ನಿಮ್ಮ ಹೇಳಿಕೆ: ನಾಯಿ ನನ್ನದು, ಹೆಂಡತಿಯೇ ಅದನ್ನು ಕೆಣಕಿದಳು. ಪ್ರತಿ ಪುಟದ ಕೆಳಗೂ ನಿಮ್ಮ ಸಹಿ.

ನಕ್ಕೆ ನಾನು. ನೇತ್ರಾ ಗಾಬರಿಯಾಗಿ ನೀರು ಕೊಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಕೂಡಿ ಒಂದು ಕಡ್ಡಿ ಇರಲಿಲ್ಲ. ನಾವಿದ್ದ ಖೋಲಿ ಬಾಡಿಗೆಯದು, ಗ್ಯಾಸು ನನ್ನ ಅಣ್ಣನ ಹೆಸರಿನದು. ಕೊನೆಗೂ ಜೋಡಿ ಹೆಸರಿನಲ್ಲಿ ಒಂದು ಆಸ್ತಿ ಮಾಡಿದಿರಿ, ಅದು ನಾಯಿ.

ಎಂದಿನಿಂದ ನಮ್ಮದು ಅದು, ಹೇಳಿ ನೋಡೋಣ. ಲಾಕ್‌ಡೌನಿನಲ್ಲಿ ಸೇಠರ ಮಗ ಸುಹಾಸ ರಸ್ತೆಯಿಂದ ಎತ್ತಿ ತಂದ ಮರಿ. ಅದಕ್ಕೇ ಜಾತಿಯ ಸರ್ಟಿಫಿಕೇಟಿಲ್ಲ, ಮುನ್ಸಿಪಾಲ್ಟಿಯ ಲೈಸೆನ್ಸೂ ಮಾಡಿಸಲಿಲ್ಲ. ಕಚ್ಚುವವರೆಗೆ ಅದು ಅವರ ಕೂಸು, ಕಚ್ಚಿದ ಮೇಲೆ ಬೀದಿಯದು, ನೋಟಿಸು ಬಂದ ಮೇಲೆ ನಮ್ಮದು. ನಮ್ಮ ನಾಯಿ ಆರನೇ ಮಾಳಿಗೆಯಲ್ಲಿ ಸೇಠರ ಎಸಿ ರೂಮಿನಲ್ಲಿ ಮಲಗುತ್ತಿತ್ತು, ಒಡೆಯರಾದ ನೀವು ಮೀಟರ್ ರೂಮಿನ ಪಕ್ಕದ ಕ್ಯಾಬಿನ್ನಿನಲ್ಲಿ ಕಾಲು ಮಡಚಿ ಮಲಗುತ್ತಿದ್ದಿರಿ. ಅದು ಮೆಂಬರುಗಳ ಲಿಫ್ಟಿನಲ್ಲಿ ಇಳಿಯುತ್ತಿತ್ತು, ಒಡತಿಯಾದ ನಾನು ಕಸದ ಡಬ್ಬಗಳ ಜೊತೆ ಸರ್ವಿಸ್ ಲಿಫ್ಟಿನಲ್ಲಿ ಏರುತ್ತಿದ್ದೆ. ಕಚ್ಚಿದ ಮಾರನೇ ದಿನ ಅದನ್ನು ಕೆಳಗಿಳಿಸಿ ನಿಮ್ಮ ಕ್ಯಾಬಿನ್ನಿಗೆ ಕಟ್ಟಿದರಲ್ಲ, ನಿಮ್ಮ ಕೈಗೆ ಅದರ ಬಟ್ಟಲು ಕೊಟ್ಟು ಫೋಟೋ ತೆಗೆದರಲ್ಲ, ಆಗಲಾದರೂ ಏನಕ್ಕೆ ಎಂದು ಕೇಳಿದಿರಾ? ಆ ಫೋಟೋದಲ್ಲಿ ನೀವು ಹಲ್ಲು ಬಿಟ್ಟಿದ್ದೀರಿ.

ಆ ದಿನದ ಸಂಗತಿ ನಿಮಗೆ ಮರೆತಂತಿದೆ. ಅದರ ಬರ್ತ್‌ಡೇ ಎಂದು ಸೇಠರ ಹೆಂಡತಿ ವಾರಿಜಕ್ಕ ಹಾಲ್ ತುಂಬ ಬಲೂನು ಕಟ್ಟಿಸಿದ್ದರು. ಕೇಕಿನ ಡಬ್ಬ ತಂದ ನಿಮ್ಮನ್ನೇ ನಾಯಿಯ ಪಟ್ಟಿ ಹಿಡಿದು ನಿಲ್ಲಲು ಹೇಳಿದರು. ಅದರ ತಲೆಗೆ ರಬ್ಬರ್ ದಾರದ ಟೋಪಿ ಹಾಕಿದರು, ಕೊಡವಿ ಬೀಳಿಸಿತು. ಮತ್ತೆ ಹಾಕಿದರು, ಬೀಳಿಸಿ ಹಲ್ಲು ತೋರಿಸಿತು. ಬೇಡಕ್ಕಾ, ಅದಕ್ಕೆ ಸೇರುತ್ತಿಲ್ಲ ಎಂದೆ. ನಿನ್ನ ಕೈಯಿಂದಲೇ ಊಟ ಮಾಡುವುದಲ್ಲವಾ, ನೀನೇ ಕಟ್ಟು, ಒಂದು ಫೋಟೋ ಆಗಲಿ ಎಂದರು. ಕಟ್ಟಿದೆ. ದಾರ ಕಿತ್ತು ಅದರ ಕಣ್ಣಿಗೆ ಬಡಿಯಿತು, ನನ್ನ ಕೈ ಅದರ ಬಾಯಲ್ಲಿತ್ತು.

ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಬೇಡ ಎಂದು ಎರಡು ಸಲ ಹೇಳಿತು. ಆ ಮನೆಯಲ್ಲಿ ಅಷ್ಟು ಹೇಳುವ ಧೈರ್ಯ ಇದ್ದದ್ದು ಅದಕ್ಕೊಂದಕ್ಕೇ.

ರಕ್ತ ಬಿಳಿ ಫರ್ಶಿಯ ಮೇಲೆ ಹರಿಯುತ್ತಿದ್ದಾಗ ವಾರಿಜಕ್ಕ ಹೇಳಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಪಾಪ, ಲಿಯೋ ಹೆದರಿದ್ದಾನೆ. ಅಣವೀರಪ್ಪ, ಮೊದಲು ಅವನನ್ನು ಒಳಗೆ ಕರ್ಕೊಂಡು ಹೋಗು."

ನೀವು ಕರೆದುಕೊಂಡು ಹೋದಿರಿ. ಎಸಿ ಹಾಕಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಆಮೇಲೆ ಹೊರಗೆ ಬಂದಿರಿ. ಅಷ್ಟೊತ್ತೂ ನಾನು ನಳದ ಕೆಳಗೆ ಕೈ ಹಿಡಿದು ನಿಂತಿದ್ದೆ. ರಿಕ್ಷಾದಲ್ಲಿ ಕೂರಿಸಿ, ಗೇಟು ಖಾಲಿ ಇದೆ ಎಂದು ಓಡಿದಿರಿ. ಸಯನ್ ಆಸ್ಪತ್ರೆಯಲ್ಲಿ ಡಾಕ್ಟರು ಜೊತೆಗೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದು ಬರೆಸಿದೆ. ಹೆಬ್ಬೆರಳಿನ ನರ ಹರಿದಿದೆ, ಆಪರೇಷನ್ ಆಗಬೇಕು, ತಡವಾದಷ್ಟೂ ಕೈ ಕೆಡುತ್ತದೆ ಎಂದಿದ್ದಾರೆ. ರೊಟ್ಟಿ ಬಡಿಯುವ ಕೈ ಇದು. ಮನೆಮನೆಗೆ ಹೋಗಿ ಚಪಾತಿ, ಭಾಕ್ರಿ ಮಾಡಿ ಈ ಖೋಲಿ ನಡೆಸಿದ ಕೈ. ವಾರ ಕಳೆಯುವುದರೊಳಗೆ ಎಲ್ಲ ಮನೆಯವರೂ ಬೇರೆ ಕೆಲಸದವಳನ್ನು ಇಟ್ಟುಕೊಂಡರು. ನಾನು ಕೇಳುತ್ತಿರುವುದು ಆಪರೇಷನ್ನಿನ ಖರ್ಚು ಮತ್ತು ಕೈ ಸರಿಯಾಗುವ ತನಕದ ಊಟ. ರೇಬೀಸ್ ಇಂಜೆಕ್ಷನ್ ತಾವೇ ಕೊಡಿಸಿದೆವು ಎಂದು ಉತ್ತರದಲ್ಲಿ ಬರೆಸಿದ್ದಾರೆ, ನಾಚಿಕೆಯಿಲ್ಲದವರು. ಅದು ಸರಕಾರಿ ಇಂಜೆಕ್ಷನ್, ಪುಕ್ಕಟೆ ಕೊಡುತ್ತಾರೆ.

ನೀವು ಹೀಗೆ ಮಾಡಿದ್ದು ಇದೇ ಮೊದಲಲ್ಲ. ಎರಡು ವರ್ಷದ ಹಿಂದೆ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ, ಕೆಲಸದ ಹೆಂಗಸರು ಹೊರಗೆ ಹೋಗುವಾಗ ಚೀಲ ತೆಗೆಸಿ ನೋಡಬೇಕೆಂದು ಠರಾವಾಯಿತು. ಆ ಸಂಜೆ ಗೇಟಿನಲ್ಲಿ ನೀವು ನನ್ನ ಮುಖ ನೋಡದೆ ಹೇಳಿದಿರಿ: "ಚೀಲಾ ತಗಿ. ಹೇಂತಿ ಅಂತ ಬಿಟ್ರ ಉಳದವ್ರು ಏನಂತಾರ? ರೂಲ್ ಅಂದ್ರ ರೂಲ್." ಚೀಲದಲ್ಲಿದ್ದದ್ದು ನಿಮ್ಮದೇ ಯೂನಿಫಾರ್ಮು, ಮನೆಗೆ ಒಯ್ದು ಒಗೆಯಬೇಕಾಗಿತ್ತು. ಅದನ್ನು ಝಾಡಿಸಿ, ಜೇಬಿನೊಳಗೆ ಕೈ ಹಾಕಿ ನೋಡಿದಿರಿ. ಹಿಂದೆ ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅವತ್ತೇ ನಿಮಗೆ ಇನ್ನು ಮನೆಗೆ ಬರಬೇಡಿ ಎಂದೆ. ನೀವು ಒಂದು ಮಾತು ಜಗಳವಾಡಲಿಲ್ಲ, ಕ್ಯಾಬಿನ್ನಿನಲ್ಲೇ ಉಳಿದಿರಿ. ಜಗಳವಾಡಿದ್ದರೆ ಆಗುತ್ತಿತ್ತು.

ಕಳೆದ ತಿಂಗಳು ಮನೆಗೆಲಸದವರ ಸಂಘಟನೆಯ ರುಕ್ಮಿಣಿಬಾಯಿ ನಮ್ಮನ್ನೆಲ್ಲ ಕರೆದುಕೊಂಡು ಬಂದು ನಿಮ್ಮ ಗೇಟಿನ ಮುಂದೆ ಧರಣಿ ಕೂರಿಸಿದಾಗ, ಒಳಗಿನಿಂದ ಕೀಲಿ ಜಡಿದವರೂ ನೀವೇ. ಬಿಸಿಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ನೀರು ಕೇಳಿದಳು. ಮೇಲೆ ಕೇಳಿ ಹೇಳುತ್ತೇನೆ ಎಂದಿರಿ. ಬಾಂದ್ರಾದಲ್ಲಿ ನಳದ ನೀರು ಕೊಡುವುದಕ್ಕೂ ಆರನೇ ಮಾಳಿಗೆಯ ಅಪ್ಪಣೆ ಬೇಕು ಎನ್ನುವುದು ಅವತ್ತು ತಿಳಿಯಿತು. ರುಕ್ಮಿಣಿಬಾಯಿ ನಿಮ್ಮನ್ನು ತೋರಿಸಿ, ಇಂಥವರಿರುವ ತನಕ ಸೇಠರಿಗೆ ಬೇರೆ ನಾಯಿ ಏಕೆ ಬೇಕು ಎಂದಳು. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಇದನ್ನು ಅಭಿಮಾನ ಎಂದುಕೊಳ್ಳಬೇಡಿ.

ಈಗ ಕಿವಿಗೊಟ್ಟು ಕೇಳಿ. ಹದಿನೇಳನೇ ತಾರೀಕು ಕೋರ್ಟಿನಲ್ಲಿ ನಮ್ಮ ಕೇಸು ಇದೆ. ಸೇಠರ ಕಡೆಯ ಸಾಕ್ಷಿ ನೀವೊಬ್ಬರೇ. ಬರ್ತ್‌ಡೇ ಫೋಟೋಗಳನ್ನು ವಾರಿಜಕ್ಕ ಅದೇ ಸಂಜೆ ಅಳಿಸಿಹಾಕಿದ್ದಾರೆ, ಆ ಬಿಲ್ಡಿಂಗಿನ ಬೇರೆ ಯಾರೂ ಬಾಯಿ ಬಿಡುವುದಿಲ್ಲ. ನಾಯಿ ಯಾರದು ಎನ್ನುವುದು ನಿಮ್ಮ ನಾಲಿಗೆಯ ಮೇಲೆ ನಿಂತಿದೆ. ನೇತ್ರಾ ಹುಡುಗಿ ಸಣ್ಣವಳು, ಸಯನ್ನಿನಲ್ಲಿ ಹುಟ್ಟಿ ಬೆಳೆದವಳು, ಅರ್ಧ ಹಿಂದಿಯಲ್ಲೇ ಮಾತಾಡುತ್ತಾಳೆ, ಆದರೆ ತಲೆ ಚುರುಕು. ಅವಳು ಹೇಳಿದ್ದು ಇದು: "ನಾಯಿ ನನ್ನದು ಅಂತ ಬರೆದುಕೊಟ್ಟ ಆದ್ಮಿನೇ ನಷ್ಟದ ಭರಪಾಯಿ ಕೊಡಬೇಕು, ಬಾಯಿ. ನಿಮ್ಮ ಗಂಡನ ಮೇಲೂ ಕೇಸ್ ಹಾಕೋಣ. ಆಗ ನೋಡಿ, ಸೇಠ್ ಅವನನ್ನ ಕೈಬಿಡ್ತಾನೋ ಇಲ್ವೋ."

ಅಂದರೆ ನೀವು ಸಹಿ ಮಾಡಿದ್ದು ಏನಕ್ಕೆ ಎಂದು ತಿಳಿಯಿತೇ? ನನ್ನ ಆಪರೇಷನ್ನಿಗೆ, ನನ್ನ ಊಟಕ್ಕೆ, ಸೇಠರ ಬದಲು ನೀವೇ ಹೊಣೆ ಎಂದು ಬರೆದುಕೊಟ್ಟಿದ್ದೀರಿ. ಕೋರ್ಟು ನಿಮ್ಮ ಪಗಾರಕ್ಕೆ ಕೈ ಹಾಕಿದ ದಿನ ಸೇಠರು ಕಿಟಕಿಯಿಂದ ನೋಡುತ್ತಾರೆ, ಅಷ್ಟೆ. ಅವರಿಗೆ ಬೇಕಾದದ್ದೂ ಇದೇ. ಅವರ ಮನೆಯಲ್ಲಿ ಅವರ ನಾಯಿ ಮಾಡಿದ ಗಾಯ, ಗಂಡಹೆಂಡಿರ ಜಗಳವಾಗಿ ಜೋಗೇಶ್ವರಿಯ ಖೋಲಿಯಲ್ಲಿ ಬಿದ್ದಿರಬೇಕು. ಬಡವರು ಬಡವರ ಮೇಲೆ ಕೇಸು ಹಾಕಿಕೊಂಡು ಕೋರ್ಟಿನ ಹೊರಗೆ ವಡಾಪಾವ್ ತಿಂದು ಮನೆಗೆ ಹೋಗಬೇಕು.

ನಿಮ್ಮನ್ನು ಎರಡನೇ ಪ್ರತಿವಾದಿ ಮಾಡುವ ಅರ್ಜಿ ತಯಾರಾಗಿದೆ. ಇಲ್ಲೇ ನನ್ನ ಮುಂದೆ ಇದೆ. ಇನ್ನೂ ಸಹಿ ಮಾಡಿಲ್ಲ. ಹದಿನೇಳಕ್ಕೆ ನೀವು ಜಡ್ಜರ ಎದುರು ನಾಯಿ ಸೇಠರದು ಎಂದು ಒಂದೇ ಮಾತು ಹೇಳುತ್ತೇನೆಂದು ಈ ವಾರದೊಳಗೆ ನೇತ್ರಾಳಿಗೆ ತಿಳಿಸಿದರೆ, ಅದನ್ನು ಹರಿದುಹಾಕುತ್ತೇನೆ. ಹೇಳಿದ ಗಳಿಗೆಗೆ ನಿಮ್ಮ ಕೆಲಸ ಹೋಗುತ್ತದೆ, ಕ್ಯಾಬಿನ್ನೂ ಹೋಗುತ್ತದೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುತ್ತಿಲ್ಲ. ನನ್ನ ಕೆಲಸ ಹೋದಾಗ ನಾನೂ ಸಾಯಲಿಲ್ಲ.

ಕಾಗದಪತ್ರದಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವ,
ಮಹಾದೇವಿ

ತಾ.ಕ.: ಲಕೋಟೆಗೆ ಹಾಕಿ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಸಂಜೆ ವಾರಿಜಕ್ಕ ಖುದ್ದಾಗಿ ಬಂದಿದ್ದರು. ನಮ್ಮ ಗಲ್ಲಿಯೊಳಗೆ ಕಾರು ಬರುವುದಿಲ್ಲ, ಸೀರೆ ಎತ್ತಿ ಹಿಡಿದು ಗಟಾರ ದಾಟಿ ಬಂದರು. ಕೇಸು ವಾಪಸು ತೆಗೆದರೆ ಬಿಲ್ಡಿಂಗಿನ ಹಿಂದೆ ಒಂದು ಖೋಲಿ ಕಟ್ಟಿಸಿಕೊಡುತ್ತಾರಂತೆ, ನಿಮ್ಮ ಕೆಲಸ ಕಾಯಂ ಮಾಡುತ್ತಾರಂತೆ. ಆಮೇಲೆ ನನ್ನ ಗಾಯದ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಅಣವೀರಪ್ಪ ನಿನ್ನೊಟ್ಟಿಗೆ ಬಂದು ಇರ್ತಾನೆ ಮಾರಾಯ್ತಿ. ಅವ ಒಪ್ಪಿದ್ದಾನೆ. ಒಂದು ಹೆಂಗಸಿಗೆ ಇದಕ್ಕಿಂತ ದೊಡ್ಡ ಪರಿಹಾರ ಎಂಥದು?"

ನಾನು ತಕ್ಷಣ ಬೇಡ ಎನ್ನಲಿಲ್ಲ. ಇದನ್ನು ನಿಮಗೆ ಹೇಳಬಾರದೆಂದಿದ್ದೆ. ಆ ಖೋಲಿಯನ್ನು ಕಣ್ಣ ಮುಂದೆ ತಂದುಕೊಂಡೆ. ಒಲೆ ಎಲ್ಲಿ, ನೀವು ಅಂಗಿ ತೂಗುಹಾಕುವ ಮೊಳೆ ಎಲ್ಲಿ ಎಂದು ಕೂಡ ನೋಡಿಕೊಂಡೆ. ಆಮೇಲೆ, ಲಿಯೋನನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅವನೂ ನಿಮ್ಮ ಹತ್ತಿರವೇ ಇರಲಿ, ಹೇಗೂ ನಿಮ್ಮದೇ ಅಂತ ಬರೆದಾಗಿದೆಯಲ್ಲ ಎಂದರು.

ನನಗೆ ಕೈ ಬೇಕು ಅಕ್ಕಾ ಎಂದೆ. ನಿಮ್ಮ ಮಾತನ್ನು ಇನ್ನು ಅವರ ಬಾಯಿಂದ ಕೇಳಬಾರದೆಂದು, ಅವರು ಗಲ್ಲಿ ದಾಟುವ ಮೊದಲೇ ಅರ್ಜಿಗೆ ಸಹಿ ಮಾಡಿದೆ. ಈ ವಾರ ಕಾಯುತ್ತೇನೆಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೊಂಡು ಓದಿ.

ಒಂದನ್ನು ಮಾತ್ರ ನಾನು ತಿಳಿಯಬೇಕಾಗಿದೆ. ನನ್ನ ಜೊತೆ ಬಂದು ಇರುತ್ತೇನೆಂದು ನೀವಾಗಿಯೇ ಹೇಳಿದಿರೋ, ಇಲ್ಲ ನಾಯಿಯನ್ನು ನಿಮ್ಮ ಹೆಸರಿಗೆ ಬರೆದ ಹಾಗೆ ನಿಮ್ಮನ್ನು ನನ್ನ ಹೆಸರಿಗೆ ಬರೆದರೋ? ಹದಿನೇಳಕ್ಕೆ ನೇತ್ರಾ ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳುತ್ತಾಳೆ. ಜಡ್ಜರ ಮುಂದೆ ಹೇಳಿ.