ಸೋಪಿನ ಕೋಣೆಯ ಬಾಗಿಲು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳಬೇಕೆಂದು ಅಮ್ಮ ಹೇಳಿದ್ದಾಳೆ. ಹೊಟ್ಟೆಯಲ್ಲಿರುವುದು ಅಷ್ಟೊಂದು ಒದೆಯುತ್ತದೆ ಎಂದು ಬರೆದಿದ್ದೆಯಲ್ಲ, ಅದೂ ನಿನ್ನ ಹಾಗೇ ಜಗಳಗಂಟಿ ಎಂದು ಅಪ್ಪ ನಕ್ಕರು. ಭಾವ ಚೆನ್ನಾಗಿದ್ದಾರೆಯೇ? ಇಲ್ಲಿ ನಾವೆಲ್ಲ ಇದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ, ಹೂಂ, ಊಹೂಂ ಬಿಟ್ಟರೆ ಮೂರನೆಯದು ಬರುವುದಿಲ್ಲ. ಸುಮ್ಮನೆ ಮೂಗಿ ಎಂದು ಹೆಸರಿಟ್ಟೆಯಾ ನೀನು?

ಆ ಮೂಗಿ ಈಗ ಬಾಯಿ ಬಿಟ್ಟಿದ್ದಾಳೆ ಅಕ್ಕಾ. ಬೆನ್ನುನೋವು ಎಂದು ನೀನು ಲಾಂಡ್ರಿ ಬಿಟ್ಟ ಮೇಲೆ ನಿನ್ನ ಜಾಗಕ್ಕೇ ನಾನು ಸೇರಿದೆನಲ್ಲ, ಅವತ್ತು ನೀನು ಹೇಳಿಕೊಟ್ಟದ್ದನ್ನೆಲ್ಲ ಹಾಗೇ ಪಾಲಿಸಿದೆ. ಆಸ್ಪತ್ರೆಯಿಂದ ಬಂದ ಗಂಟನ್ನು ಬರಿಗೈಯಲ್ಲಿ ಬಿಚ್ಚಲಿಲ್ಲ. ಒಣಗಿಸುವ ಮಿಷನ್ನಿನ ಮುಂದೆ ಕೂದಲು ಬಿಟ್ಟುಕೊಂಡು ನಿಲ್ಲಲಿಲ್ಲ. "ಸೋಪಿನ ಕೋಣೆ ಬಾಗಿಲ ಸ್ಪ್ರಿಂಗ್ ಕೆಟ್ಟಿದೆ ಕಣೇ, ತಾನಾಗೇ ಮುಚ್ಕೊಂಡ್ಬಿಡುತ್ತೆ. ತಳ್ಳುಗಾಡಿ ಅಡ್ಡ ಇಡದೆ ಒಳಗೆ ಕಾಲಿಡ್ಬೇಡ" ಎಂದಿದ್ದೆಯಲ್ಲ, ಅದನ್ನೂ ಮರೆಯಲಿಲ್ಲ. ಆವತ್ತೊಂದು ದಿನ ಗಾಡಿಯ ಚಕ್ರ ಕಿತ್ತು ರಿಪೇರಿಗೆ ಹೋಗಿತ್ತು. ಸೋಪಿನ ಪುಡಿ ಮುಗಿದು ಮಿಷನ್ನು ಕಾಯುತ್ತಿತ್ತು, ಓಡಿಹೋಗಿ ತಂದುಬಿಡೋಣ ಎಂದು ಹೋದೆ. ಹಿಂದೆಯೇ ಸೂಪರ್‌ವೈಸರ್ ಬಂದ. ನಿನ್ನ ಕಾಲದಲ್ಲಿ ಇದ್ದವನೇ, ಸದಾ ಹಲ್ಲು ಕಿರಿಯುತ್ತಾನೆಂದು ಎಲ್ಲರೂ ಹಲ್ಲುಪುಡಿ ಎನ್ನುವವನು. ಬಾಗಿಲು ಮುಚ್ಚಿತು. ಆಗಲೂ ಅವನು ನಗುತ್ತಲೇ ಇದ್ದ. ಮುಂದಿನದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಪುಡಿ ಇನ್ನೂ ಬರಲಿಲ್ಲವೆಂದು ಬೈದುಕೊಂಡು ಬಂದ ಇಸ್ತ್ರಿ ಅತ್ತೆ ಬಾಗಿಲು ನೂಕಿದಳು, ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಅವನು ಕೈ ತೆಗೆದ.

ಮಾರನೆಯ ದಿನ ಆಫೀಸಿಗೆ ಹೋಗಿ ದೂರು ಕೊಟ್ಟೆ. ಹಿಂದೆ ಬಂದ, ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಹೀಗೆ ಮಾಡಿದ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಸಿದೆ. ಅವರು ಬೈಯಲಿಲ್ಲ, ಹೆದರಿಸಲಿಲ್ಲ, ಕೂರಿಸಿ ನೀರು ಕೊಟ್ಟರು. ಆದರೆ ಅಲ್ಲಿಂದ ಮುಂದೆ ಮಡಚುವ ಮೇಜಿನಲ್ಲಿ ನನಗೆ ಜೊತೆ ಹಾಕಲಿಲ್ಲ. ದೊಡ್ಡ ಬೆಡ್‌ಶೀಟಿಗೆ ಇಬ್ಬರು ಬೇಕೇ ಬೇಕು, ಆ ತುದಿಗೊಬ್ಬಳು ಈ ತುದಿಗೊಬ್ಬಳು. ಚಿಕ್ಕಂದಿನಲ್ಲಿ ನಾವು ಕಂಬಳಿ ಮಡಚುವಾಗ ನೀನು ಬೇಕೆಂದೇ ತುದಿ ಬಿಟ್ಟು ನನ್ನನ್ನು ಕೆಡವುತ್ತಿದ್ದೆ, ನೆನಪಿದೆಯಾ? ಒಬ್ಬಳೇ ಮಡಚಿದರೆ ಶೀಟು ನೆಲಕ್ಕೆ ತಾಗುತ್ತದೆ. ತಾಗಿದ್ದು ಮತ್ತೆ ಒಗೆಯಲು ಹೋಗುತ್ತದೆ, ಹೋದದ್ದೆಲ್ಲ ನನ್ನ ತಪ್ಪಿಗೆ ಸೇರುತ್ತದೆ. ಗಲ್ಲದ ಕೆಳಗೆ ಒತ್ತಿ ಹಿಡಿದೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕ್ಲಿಪ್ಪು ಹಾಕಿ ನಿಲ್ಲಿಸಿದೆ. ಆ ಕ್ಲಿಪ್ಪನ್ನೂ ತೆಗೆಸಿದರು. ಕೊನೆಗೆ, ಕೆಲಸ ಬರುವುದಿಲ್ಲ, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದರು.

ವಿಚಾರಣೆ ನಡೆಸಲು ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ಅವರೆದುರು ಕಂಪನಿಯ ವಕೀಲರು ನನ್ನನ್ನು "ಅವ್ರು ಬೇಕಂತ ಮುಟ್ಟಿದ್ರಾ, ಇಲ್ಲಾ ಕೈ ತಗುಲ್ತಾ?" ಎಂದು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಕೇಳಿದರು. ಇಸ್ತ್ರಿ ಅತ್ತೆಯನ್ನು ಕರೆದರು. "ನಂಗೆ ಕಣ್ಣು ಮಂಜು ಸಾರ್, ಏನೂ ಕಾಣ್ಲಿಲ್ಲ" ಎಂದುಬಿಟ್ಟಳು. ಆ ಗೋಡೆಯ ಹತ್ತಿರದ ಶೀಟಿನಲ್ಲಿ ಸಾಸಿವೆಯಷ್ಟು ಕಲೆಯಿದ್ದರೆ ಈ ಗೋಡೆಯಿಂದಲೇ "ಯಾವಳೇ ಇದನ್ನ ಒಗ್ದಿದ್ದು, ಕಣ್ಣು ಮನೇಲಿಟ್ಟು ಬಂದಿದ್ಯಾ?" ಎಂದು ಕೂಗುವವಳು! ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಅತ್ತಳು. "ನಿಂಗಾದ್ರೆ ಅಪ್ಪ ಇದಾರೆ, ನಂಗ್ಯಾರಿದಾರೆ ಹೇಳು ಮಗಾ" ಎಂದಳು. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ತೀರ್ಪು ಮಂಗಳವಾರ. ಕೆಲಸ ಬಾರದ್ದನ್ನು ಮುಚ್ಚಿಕೊಳ್ಳಲು ಸುಳ್ಳು ದೂರು ಕೊಟ್ಟಳು ಎಂದೇ ಬರುತ್ತದಂತೆ, ಆಫೀಸಿನ ಗುಮಾಸ್ತರು ಹೇಳಿದರು. ಆಮೇಲೆ ಬೇರೆ ಲಾಂಡ್ರಿಯವರೂ ಸೇರಿಸುವುದಿಲ್ಲ. "ಸುಮ್ನಿದ್ದಿದ್ರೆ ಆಗ್ತಿತ್ತಲ್ಲೇ" ಎನ್ನುತ್ತಾಳೆ ಅಮ್ಮ. ನಾನು ಒಳಗೆ ಬಂದರೆ ಅಪ್ಪ ರೇಡಿಯೋ ಜೋರು ಮಾಡುತ್ತಾರೆ.

ನನ್ನ ಚಿಂತೆ ಮಾಡಬೇಡ. ನೀರಿನ ಕೊಡ ಎತ್ತಬೇಡ. ಭಾವನಿಗೆ ನನ್ನ ನಮಸ್ಕಾರ ಹೇಳು, ಹೊಟ್ಟೆಯೊಳಗಿನ ಜಗಳಗಂಟಿಗೆ ಚಿಕ್ಕಮ್ಮನದೊಂದು ಮುತ್ತು.

ನಿನ್ನ
ಮೂಗಿ

ತಾ.ಕ.: ಇದಿಷ್ಟನ್ನು ಓದಿ ಹರಿದುಬಿಡು, ಭಾವ ನೋಡುವುದು ಬೇಡ. ವಿಚಾರಣೆಯ ಮೇಡಂ ಆ ಕೋಣೆಯನ್ನು ನೋಡಬೇಕೆಂದರು, ಎಲ್ಲರೂ ಹೋದೆವು. ಬಾಗಿಲು ತೆಗೆದು ಒಳಗೆ ನಿಂತೆವು. ಗಾಡಿ ಅಡ್ಡ ಇರಲಿಲ್ಲ. ಅಷ್ಟು ಹೊತ್ತು ಮಾತಾಡಿದರೂ ಬಾಗಿಲು ಅಲ್ಲಾಡಲಿಲ್ಲ. ಅದಕ್ಕೆ ಸ್ಪ್ರಿಂಗೇ ಇಲ್ಲ ಅಕ್ಕಾ, ಯಾವತ್ತೂ ಇರಲಿಲ್ಲವಂತೆ. ಕೀಲು ತುಕ್ಕು ಹಿಡಿದಿದೆ, ಜೋರಾಗಿ ಎಳೆದರೇ ಮುಚ್ಚುವುದು. "ನೋಡಿ ಮೇಡಂ, ಇವಳ ಮೊದಲ ಮಾತೇ ಸುಳ್ಳು" ಎಂದು ವಕೀಲರು ನಕ್ಕರು. ಮೇಡಂ ಮಾತ್ರ ನನ್ನ ಹತ್ತಿರ ಬಂದು, "ತಾನಾಗೇ ಮುಚ್ಚುತ್ತೆ ಅಂತ ನಿಂಗ್ಯಾರಮ್ಮಾ ಹೇಳಿದ್ದು? ಅವ್ರು ಬಂದು ಒಂದು ಮಾತು ಹೇಳಿದ್ರೆ ಸಾಕು" ಎಂದರು. ಯಾರೂ ಇಲ್ಲ ಮೇಡಂ, ನಾನೇ ಅಂದುಕೊಂಡೆ ಎಂದೆ. ಎಷ್ಟು ಕೇಳಿದರೂ ಅದನ್ನೇ ಅಂದೆ. ನೀನು ಬಾ ಎಂದು ಬರೆಯುತ್ತಿಲ್ಲ. ಬರಲೇಬೇಡ. ನನಗೊಬ್ಬಳಿಗೆ ಹೇಳು ಸಾಕು. ಲಾಂಡ್ರಿ ಬಿಟ್ಟಾಗ ನಿನಗೆ ನಿಜವಾಗಿ ಬೆನ್ನು ನೋಯುತ್ತಿತ್ತಾ?