ನೋನಾ ಹಲಗೆ

ಪಿಯೋರಿಯಾ, ಇಲಿನಾಯ್
೨೬ ಏಪ್ರಿಲ್ ೧೯೮೭

ತಮ್ಮ ವಿಂಕೊಗೆ ನಿನ್ನ ಅಣ್ಣ ಫ್ರಾನೆ ಮಾಡುವ ಆಶೀರ್ವಾದಗಳು.

ನಾನೂ ನಿನ್ನ ಅತ್ತಿಗೆ ನೇವಾಳೂ ಕ್ಷೇಮ. ನಿನ್ನ ಕ್ಷೇಮ ಕೇಳುವುದಕ್ಕೆ ನನಗೆ ಮುಖವಿಲ್ಲ ಎಂದು ನೀನು ಅಂದುಕೊಂಡಿರಬಹುದು. ಇದೆ. ಮುಖವೂ ಇದೆ, ಬಾಯಿಯೂ ಇದೆ. ಮೂರು ವಾರ ತಡಮಾಡಿ ಬರೆಯುತ್ತಿದ್ದೇನೆ, ಅದಕ್ಕೆ ಕ್ಷಮಿಸು. ಅದೊಂದಕ್ಕೆ ಮಾತ್ರ. ಐದು ಸಲ ಫೋನು ಮಾಡಿದೆ. ಐದು ಸಲವೂ ನಿನ್ನ ಜೊತೆಗಿರುವ ಹುಡುಗನೇ ಎತ್ತಿ "ವಿಂಕೊ ಮಲಗಿದಾನೆ" ಎಂದ. ಮಧ್ಯಾಹ್ನ ಹನ್ನೆರಡಕ್ಕೂ ಮಲಗಿರುತ್ತೀಯೇನೋ?

ನಮ್ಮೂರು ಸ್ಪ್ಲಿಟ್‌ನಿಂದ ಅಮ್ಮ ಫೋನು ಮಾಡಿದ್ದಳು. ಹೇಗಿದ್ದೀಯ, ಉಂಡೆಯಾ ಏನೂ ಇಲ್ಲ. ನೇರವಾಗಿ ಶುರು.

"ಏನೋ ಫ್ರಾನೆ, ತಮ್ಮನ ಮಂಡಿ ಮುರಿದಾಗ ನೀನು ಕುಣೀತಿದ್ದೆಯಂತೆ?"

"ಗೋಲಾಯ್ತು ಅಂತ ಕುಣಿದೆ ಅಮ್ಮಾ. ಅವನು ಬಿದ್ದಿದ್ದು ನನಗೆ ಕಾಣ್ಲಿಲ್ಲ."

"ಹಲಗೆ ಬಿಗಿ ಮಾಡಿದ್ದೂ ನೀನೇ ಅಂತೆ?"

"ಹೌದು, ನಾನೇ."

"ಚೆಂಡು ಹೊರಗೆ ಹೋಗಬಾರದು ಅಂತ ಸುತ್ತ ಹಲಗೆ ಗೋಡೆ ಕಟ್ಕೊಂಡು, ಸೂರಿನ ಕೆಳಗೆ ಆಡೋದೂ ಒಂದು ಫುಟ್‌ಬಾಲೇ? ನಿಮ್ಮಪ್ಪ ಇದ್ದಿದ್ರೆ ಇಬ್ಬರಿಗೂ ಬಾರಿಸ್ತಿದ್ದ!" ಎಂದು ಫೋನು ಕುಕ್ಕಿದಳು.

ಅಮ್ಮನಿಗೆ ನಿನ್ನ ಕಡೆಯ ಕಥೆ ತಲುಪಿದೆ. ಈಗ ನನ್ನದನ್ನೂ ಕೇಳು.

ನಾವಿಬ್ಬರೂ ಇಲ್ಲಿ ಒಂದೇ ತಂಡದಲ್ಲಿದ್ದಾಗ ಎಡ ಮೂಲೆಯ ಆ ಹಲಗೆಯನ್ನು ಕಂಡುಹಿಡಿದವನು ನೀನು. ಬೇರೆ ಯಾವ ಹಲಗೆಗೆ ಬಡಿದರೂ ಚೆಂಡು ಚಂಗನೆ ಚಿಮ್ಮಿ ಬರುತ್ತಿತ್ತು. ಇದಕ್ಕೆ ಬಡಿದರೆ ಧಪ್ಪೆಂದು ಬುಡದಲ್ಲೇ ನಿಲ್ಲುತ್ತಿತ್ತು. ನಮ್ಮ ಅಜ್ಜಿಯ ಮಡಿಲಿಗೆ ಬಿದ್ದ ಅಂಜೂರ ಎಂದಾದರೂ ವಾಪಸ್ಸು ಬಂದದ್ದುಂಟೇ? ಅದಕ್ಕೇ ನೀನು ಹಲಗೆಗೆ ಅಜ್ಜಿಯ ಹೆಸರಿಟ್ಟೆ, ನೋನಾ ಅಂತ. ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡವನೂ ನೀನೇ. ಎರಡು ಸೀಸನ್ ನೋನಾ ನಮ್ಮಿಬ್ಬರಿಗೂ ಅನ್ನ ಹಾಕಿದಳು.

ಆಮೇಲೆ ನೀನು ರಾಕ್‌ಫರ್ಡ್ ತಂಡಕ್ಕೆ ಹೋದೆ. ಹೋಗು, ಬೇಡ ಎಂದವರು ಯಾರು? ಆದರೆ ಈ ಜನವರಿಯಲ್ಲಿ ಅವರ ಅಂಗಿ ತೊಟ್ಟು ಬಂದು ನೋನಾಳಿಗೇ ಚೆಂಡು ಒದ್ದೆಯಲ್ಲೋ! ಎಲ್ಲರೂ ಅದು ಚಿಮ್ಮಿ ಬರುತ್ತದೆಂದು ಮಧ್ಯಕ್ಕೆ ಓಡಿದರು. ನಾನೂ ಓಡಿದೆ. ನನ್ನ ತಮ್ಮ ಹಾಗೆ ಮಾಡುತ್ತಾನೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನೀನು ನಿಧಾನವಾಗಿ ಹೋಗಿ, ನಿಂತ ಚೆಂಡನ್ನು ಕಾಲಿಗೆ ತೆಗೆದುಕೊಂಡು ಗೋಲು ಹೊಡೆದು, ನನ್ನ ಕಡೆ ತಿರುಗಿ ಕಣ್ಣು ಹೊಡೆದೆ.

"ಏನ್ ತಾತಾ, ನಿಂತ ಚೆಂಡೂ ಕಾಣ್ಸಲ್ವಾ?" ಎಂದು ಇಡೀ ಸ್ಟ್ಯಾಂಡು ಕೂಗಿತು. ಕೋಚ್ ಮಕ್ರೇ ನನ್ನನ್ನು ಏಳು ಪಂದ್ಯ ಬೆಂಚಿನ ಮೇಲೆ ಕೂರಿಸಿದ. ಹಲಗೆಯ ಸಂಗತಿ ಹೇಳಿಬಿಟ್ಟಿದ್ದರೆ ಅವತ್ತೇ ನನ್ನ ಮಾನ ಉಳಿಯುತ್ತಿತ್ತು. ಹೇಳಲಿಲ್ಲ, ಆಣೆ ಇತ್ತಲ್ಲ. ಮೂವತ್ತೆಂಟು ವರ್ಷದವನು ಹೆಗಲಿಗೆ ಟವೆಲು ಹಾಕಿಕೊಂಡು, ಇಪ್ಪತ್ತರ ಹುಡುಗರಿಗೆ ನೀರಿನ ಬಾಟಲಿ ದಾಟಿಸುತ್ತಾ ಕೂತೆ. ಆ ಉರಿ ನಿನಗೆ ಗೊತ್ತಿಲ್ಲ.

ಮಾರ್ಚ್‌ನಲ್ಲಿ ಇಬ್ಬರು ಡಿಫೆಂಡರುಗಳು ಗಾಯಗೊಂಡರು. ನನ್ನನ್ನು ಕರೆಯದೆ ಅವರಿಗೆ ಬೇರೆ ಗತಿ ಇರಲಿಲ್ಲ. ಏಳರಲ್ಲಿ ಆರು ಗೆದ್ದೆವು ಕಣೋ! ಕಡೆಯ ಪಂದ್ಯ ನಿಮ್ಮ ಮೇಲೆ. ನೀವು ಆಗಲೇ ಮೊದಲ ನಾಲ್ಕರಲ್ಲಿದ್ದಿರಿ, ನಾವು ಗೆದ್ದರೆ ಮಾತ್ರ ಸೆಮಿಫೈನಲ್‌ಗೆ. ಮಕ್ರೇ ನನ್ನನ್ನು ಪಕ್ಕಕ್ಕೆ ಕರೆದು, "ನೋಡು ಫ್ರಾನೆ, ಸೋತ್ರೆ ಹೊಸ ಹುಡುಗ್ರನ್ನ ತಗೋತೀವಿ. ನಿನಗೆ ಇದೇ ಕೊನೆ" ಎಂದ.

ಅವತ್ತು ಬೆಳಿಗ್ಗೆ ಎಂಟಕ್ಕೇ ನಾನು ಕ್ರೀಡಾಂಗಣದಲ್ಲಿದ್ದೆ. ಹಿಂದಿನ ದಿನ ಅಲ್ಲಿ ಐಸ್ ಹಾಕಿ ಪಂದ್ಯ ಇತ್ತು. ಕ್ರೀಡಾಂಗಣದ ಕೆಲಸದ ಮುದುಕ ಎಲ್ಮರ್ ಐಸಿನ ಮೇಲೆ ನಮ್ಮ ಆಟದ ಹಸಿರು ಹಾಸು ಹರಡುತ್ತಿದ್ದ. ಅವನ ಡಬ್ಬಿಯಿಂದ ಸ್ಪ್ಯಾನರ್ ತೆಗೆದುಕೊಂಡು ನೋನಾಳ ಹಿಂದೆ ಕೂತೆ.

"ಇಷ್ಟು ವರ್ಷ ಇಲ್ದಿದ್ದು ಇವತ್ತೇನಪ್ಪಾ ಬಂತು ನಿಂಗೆ?" ಎಂದ.

"ಬೋಲ್ಟು ಸಡಿಲ ಇದೆ, ಬಿಗೀತಿದೀನಿ. ತಪ್ಪಾ?"

"ತಪ್ಪೇನ್ ಬಂತು. ಬೆರಳು ನೋಡ್ಕೋ."

ನಾಲ್ಕು ಬೋಲ್ಟು ಬಿಗಿದೆ, ಬುಡಕ್ಕೆ ಮರದ ಬೆಣೆ ಬಡಿದೆ. ಚೆಂಡು ಒದ್ದು ನೋಡಿದೆ. ಎಲ್ಲ ಹಲಗೆಗಳಂತೆಯೇ ಚಿಮ್ಮಿ ಬಂತು. ಹಲಗೆ ಹಲಗೆಯ ಹಾಗೆ ಇರಬೇಕು. ಇದರಲ್ಲಿ ಮೋಸವೇನಿದೆ, ನೀನೇ ಹೇಳು.

ಪಂದ್ಯದಲ್ಲಿ ನಾಲ್ಕು ನಾಲ್ಕು ಸಮ, ಎರಡೇ ನಿಮಿಷ ಬಾಕಿ. ನೀನು ನೋನಾಳಿಗೆ ಒದ್ದು, ಚೆಂಡು ನಿಲ್ಲುವ ಜಾಗಕ್ಕೆ ತಲೆ ತಗ್ಗಿಸಿ ನುಗ್ಗಿದೆ. ಅದು ನಿನ್ನನ್ನು ದಾಟಿ ನೇರ ನನ್ನ ಕಾಲಿಗೆ ಬಂತು. ಕಾದು ನಿಂತಿದ್ದೆ ನಾನು! ಆ ತುದಿಗೆ ಉದ್ದಕ್ಕೆ ಕಳಿಸಿದೆ, ನಮ್ಮ ಹುಡುಗ ಒಳಗೆ ತಳ್ಳಿದ. ಕೈ ಎತ್ತಿ ಕೂಗಿದೆ, ಕುಣಿದೆ. ತಿರುಗಿದಾಗ ನೀನು ಹಲಗೆಗೆ ಬಡಿದು ಅದರ ಬುಡದಲ್ಲಿ ಮಂಡಿ ಹಿಡಿದು ಬಿದ್ದಿದ್ದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬಂದರೆ ಗೋಡೆಯ ಕಡೆ ಹೊರಳಿದೆ. ಒಂದು ಗಂಟೆ ಕೂತಿದ್ದೆ.

ಸೆಮಿಫೈನಲ್‌ನಲ್ಲಿ ನಮಗೆ ಚೆನ್ನಾಗಿಯೇ ಏಟು ಬಿತ್ತು. ಬೀಳಲಿ. ಮಕ್ರೇ "ಇನ್ನೊಂದು ವರ್ಷ ಆಡು ತಾತಾ" ಎಂದ, ಆಡುತ್ತೇನೆ. ಮುಂದಿನ ಸೀಸನ್ ನಿನಗೆ ಆಟವಿಲ್ಲ ಎಂದು ಡಾಕ್ಟರು ಹೇಳಿದರಂತೆ. ಡಾಕ್ಟರ ಮಾತು ಹಾಗಿರಲಿ. ನನ್ನ ಮಂಡಿಯ ಬಗ್ಗೆಯೂ ಹತ್ತು ವರ್ಷದಿಂದ ಹೀಗೇ ಹೇಳುತ್ತಾ ಬಂದಿದ್ದಾರೆ. ನೀನು ಆಡುತ್ತೀಯ. ನನ್ನನ್ನು ಸೋಲಿಸುವುದಕ್ಕಾದರೂ ಆಡುತ್ತೀಯ.

ಇಲ್ಲಿಗೆ ಬಾ. ಮೆಟ್ಟಿಲು ಹತ್ತುವ ಕಷ್ಟ ಬೇಡವೆಂದು ನೇವಾ ಕೆಳಗಿನ ಕೋಣೆಯಲ್ಲೇ ನಿನಗೆ ಮಂಚ ಹಾಕಿದ್ದಾಳೆ. ಇಲ್ಲಿನ ಹೊಳೆ ಮೀನು ಹಾಕಿ ಅಮ್ಮನ ಥರದ ಸಾರು ಮಾಡುತ್ತಾಳಂತೆ. ರುಚಿ ಹೇಗಿದ್ದರೂ ಬಾಯಿಮುಚ್ಚಿಕೊಂಡು ಉಣ್ಣು. ಮೇರಿಯಮ್ಮ ನಿನ್ನ ಕಾಲನ್ನು ಕಾಯಲಿ, ನೂರು ವರ್ಷ ಓಡಾಡಿಕೊಂಡಿರು.

ನಿನ್ನ ಅಣ್ಣ,
ಫ್ರಾನೆ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಆ ಬೆಳಿಗ್ಗೆ ಸ್ಪ್ಯಾನರ್ ಇಟ್ಟು ಸೀದಾ ನಿನ್ನ ಹೋಟೆಲಿಗೆ ಬಂದೆ, ಇಬ್ಬರೂ ಕಾಫಿ ಕುಡಿದೆವು. ನೀನು ನಗುತ್ತಾ, "ಅಣ್ಣಾ, ನೋನಾ ಹೇಗಿದ್ದಾಳೆ?" ಎಂದು ಕೇಳಿದೆ. ಗ್ರೀಸು ಹತ್ತಿದ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ನಾನು, "ಹಾಗೇ ಇದ್ದಾಳೆ ಕಣೋ" ಎಂದೆ. ಅಮ್ಮನಿಗೆ ಎಲ್ಲ ಹೇಳಿದ್ದೀಯ, ಇದೊಂದನ್ನು ಹೇಳಿಲ್ಲ. ಯಾಕೆ ಹೇಳಲಿಲ್ಲ ವಿಂಕೊ?